ಲೆಕ್ಕಕ್ಕೂ ಇರಲಿ, ಆಟಕ್ಕೂ ಇರಲಿ: ಶಾಲೆ ನಡೆಸುವವರಿಗೊಂದು ಬಹಿರಂಗ ಪತ್ರ

ಮುಖ್ಯ ಶಿಕ್ಷಕರೇ, ಆಡಳಿತ ಮಂಡಳಿಯವರೇ, ವೇಳಾಪಟ್ಟಿ, ಪರೀಕ್ಷೆ, ತರಬೇತಿ ಇವನ್ನೆಲ್ಲ ನಿರ್ಧರಿಸುವ ಅಧಿಕಾರಿಗಳೇ,

ನಮಸ್ಕಾರ. ನಾನೊಬ್ಬ ಶಾಲಾ ಶಿಕ್ಷಕಿ. ನಿಮ್ಮಿಂದ ಬರುವ ಸುತ್ತೋಲೆಗಳನ್ನು ಓದಿ ಸಹಿ ಹಾಕುವವಳು. ಈ ಸಲ ನಾನೇ ನಿಮಗೊಂದು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ವೈವಿಧ್ಯದ ದಿನ ಅಂತ ಒಂದು ಕಾರ್ಯಕ್ರಮ ಈಗ ಎಷ್ಟೋ ಶಾಲೆಗಳಲ್ಲಿ ನಡೆಯುತ್ತದೆ. ಮಕ್ಕಳು ಬಗೆಬಗೆಯ ಉಡುಪು ಹಾಕಿಕೊಂಡು ಬರುತ್ತಾರೆ. ಬೇರೆ ಬೇರೆ ಭಾಷೆಯಲ್ಲಿ ಸ್ವಾಗತ ಹೇಳುತ್ತಾರೆ. ಗಾಲಿಕುರ್ಚಿಯಲ್ಲಿರುವ ಹುಡುಗನನ್ನು ವೇದಿಕೆಯ ನಡುವೆ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಜೋರು ಚಪ್ಪಾಳೆ ಬೀಳುತ್ತದೆ. ಮರುದಿನ ವಿಜ್ಞಾನದ ಪೀರಿಯಡ್‌ನಲ್ಲಿ ಗುಂಪು ಮಾಡಿದಾಗ ಅದೇ ಹುಡುಗನಿಗೆ ಸಿಗುವ ಕೆಲಸ ಏನು? 'ನೀನು ಟೈಮ್ ನೋಡ್ತಾ ಇರು.'

ಕಾರ್ಯಕ್ರಮ ಬೇಡ ಅಂತ ನಾನು ಹೇಳುತ್ತಿಲ್ಲ. ಮಕ್ಕಳಿಗೆ ಖುಷಿಯಾಗುತ್ತದೆ, ಆಗಲಿ. ಆದರೆ ಅಷ್ಟು ಮಾಡಿ, ನಮ್ಮ ಶಾಲೆ ಎಲ್ಲರನ್ನೂ ಒಳಗೊಂಡಿದೆ ಅಂತ ವರದಿ ಬರೆದು ಕಳಿಸುತ್ತೇವಲ್ಲ, ನನ್ನ ತಕರಾರು ಇರುವುದು ಅಲ್ಲಿ. ಹಾಜರಿ ಪುಸ್ತಕದಲ್ಲಿ ಹೆಸರಿದೆ. ಬೆಂಚಿನಲ್ಲಿ ಜಾಗ ಇದೆ. ಪಾಠದಲ್ಲಿ ಮಾತ್ರ ಪಾತ್ರ ಇಲ್ಲ. ಲೆಕ್ಕಕ್ಕುಂಟು, ಆಟಕ್ಕಿಲ್ಲ ಅನ್ನುತ್ತಾರಲ್ಲ, ಹಾಗೆ.

ಇದು ನನ್ನೊಬ್ಬಳ ಕೊರಗಲ್ಲ. 1994ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಸೇರಿ, ಸಾಮಾನ್ಯ ಶಾಲೆಗಳು ಎಲ್ಲ ಮಕ್ಕಳಿಗೂ ತೆರೆದಿರಬೇಕು ಅಂತ ಘೋಷಿಸಿದರು. 2006ರಲ್ಲಿ ವಿಶ್ವಸಂಸ್ಥೆ ಅಂಗವಿಕಲರ ಹಕ್ಕುಗಳ ಒಪ್ಪಂದ ಅಂಗೀಕರಿಸಿತು. ಅದರ 24ನೇ ವಿಧಿ ಶಿಕ್ಷಣದ್ದು. ಅಂಗವಿಕಲರ ಘನತೆ ಮತ್ತು ತಮಗೂ ಬೆಲೆಯಿದೆ ಅನ್ನುವ ಭಾವನೆ ಪೂರ್ತಿ ಬೆಳೆಯುವುದೂ ಶಿಕ್ಷಣದ ಗುರಿ ಅಂತ ಅದರಲ್ಲೇ ಬರೆದಿದೆ. ಹತ್ತು ವರ್ಷ ಬಿಟ್ಟು, 2016ರಲ್ಲಿ, ಆ ಒಪ್ಪಂದದ ಸಮಿತಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮಗುವನ್ನು ಸಾಮಾನ್ಯ ತರಗತಿಗೆ ತಂದು ಕೂರಿಸಿ, ಪಾಠ, ಪರೀಕ್ಷೆ, ಕಲಿಸುವ ರೀತಿ ಯಾವುದನ್ನೂ ಬದಲಾಯಿಸದೆ ಬಿಟ್ಟರೆ ಅದು ಒಳಗೊಳ್ಳುವುದು ಅನ್ನಿಸಿಕೊಳ್ಳುವುದಿಲ್ಲ ಅಂತ ಸ್ಪಷ್ಟ ಮಾಡಿತು. ಅಂದರೆ ನಾವು ವರದಿಯಲ್ಲಿ ಬರೆಯುವುದರಲ್ಲಿ ಮುಕ್ಕಾಲು ಪಾಲು ಆ ಲೆಕ್ಕದಲ್ಲಿ ಪಾಸೇ ಆಗುವುದಿಲ್ಲ.

ಇನ್ನು ಆತ್ಮಗೌರವದ ವಿಷಯ. ತರಬೇತಿಗೆ ಹೋದಾಗಲೆಲ್ಲ ನಮಗೆ ಹೇಳುವುದು ಒಂದೇ: ಮಕ್ಕಳನ್ನು ಹೊಗಳಿ, ಆತ್ಮವಿಶ್ವಾಸ ತುಂಬಿ, ಕೀಳರಿಮೆ ಹೋಗುತ್ತದೆ. ಗೋಡೆಗೆ 'ನಾನು ವಿಶೇಷ' ಅಂತ ಚಾರ್ಟ್ ಅಂಟಿಸಿ. ಅಂಟಿಸಿದ್ದೇವೆ. ಅದರ ಕೆಳಗೇ ಕೂತ ಮಗು ತಲೆ ಎತ್ತುವುದಿಲ್ಲ.

ಈ ದಾರಿಯನ್ನು ದೊಡ್ಡ ಮಟ್ಟದಲ್ಲಿ ಹಿಡಿದು ನೋಡಿದವರಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1986ರಲ್ಲಿ ಆತ್ಮಗೌರವ ಬೆಳೆಸುವುದಕ್ಕೆಂದೇ ಒಂದು ಕಾರ್ಯಪಡೆ ಮಾಡಿತು. 1990ರಲ್ಲಿ ಅದರ ವರದಿ ಬಂತು. ಜನರಿಗೆ ತಮ್ಮ ಬಗ್ಗೆ ಒಳ್ಳೆಯ ಭಾವನೆ ಬಂದರೆ ಓದೂ ಸುಧಾರಿಸುತ್ತದೆ, ಸಮಾಜದ ಎಷ್ಟೋ ಸಮಸ್ಯೆಯೂ ಕಡಿಮೆಯಾಗುತ್ತದೆ ಅನ್ನುವ ನಂಬಿಕೆ ಆಗ ಶಾಲೆಗಳಲ್ಲೆಲ್ಲ ಹಬ್ಬಿತು. 2003ರಲ್ಲಿ ಮನೋವಿಜ್ಞಾನಿ ರಾಯ್ ಬಾಮೈಸ್ಟರ್ ಮತ್ತು ಅವರ ಜೊತೆಗಾರರು ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಗುಡ್ಡೆ ಹಾಕಿ ನೋಡಿದರು. ಆತ್ಮಗೌರವ ಏರಿಸಿದ್ದರಿಂದ ಕಲಿಕೆ ಸುಧಾರಿಸುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಇವೆರಡರ ನಡುವೆ ಇರುವ ನಂಟೂ ಬಹುಪಾಲು ಉಲ್ಟಾ ದಿಕ್ಕಿನದು: ಕೆಲಸ ಚೆನ್ನಾಗಿ ಆಯಿತು, ಅದಕ್ಕೇ ತನ್ನ ಬಗ್ಗೆ ಹೆಮ್ಮೆ ಬಂತು.

ಹೊಗಳಿಕೆಯಲ್ಲೂ ಒಂದು ಪೇಚಿದೆ. ಮನೋವಿಜ್ಞಾನಿಗಳಾದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೇ ತರಗತಿಯ ಮಕ್ಕಳಿಗೆ ಕೆಲವು ಒಗಟಿನಂಥ ಲೆಕ್ಕ ಕೊಟ್ಟರು. ಕೆಲವರಿಗೆ 'ನೀನು ಬುದ್ಧಿವಂತ' ಅಂದರು, ಕೆಲವರಿಗೆ 'ಚೆನ್ನಾಗಿ ಕಷ್ಟಪಟ್ಟೆ' ಅಂದರು. ಆಮೇಲೆ ಕಷ್ಟದ ಲೆಕ್ಕ ಕೊಟ್ಟಾಗ ಎಲ್ಲರೂ ಎಡವಿದರು. ಮತ್ತೆ ಸುಲಭದ್ದು ಕೊಟ್ಟಾಗ, ಬುದ್ಧಿವಂತ ಅನ್ನಿಸಿಕೊಂಡವರು ಮೊದಲಿಗಿಂತ ಕೆಳಗೆ ಇಳಿದಿದ್ದರು. ತಮ್ಮ ಅಂಕ ಎಷ್ಟು ಅಂತ ಬೇರೆಯವರಿಗೆ ಹೇಳುವಾಗ ಸುಳ್ಳು ಹೇಳಿದವರೂ ಅವರಲ್ಲೇ ಜಾಸ್ತಿ. ಮೊದಲೇ ಹಿಂದುಳಿದವನು ಅಂತ ಹೆಸರು ಬಿದ್ದ ಮಗುವಿಗೆ ಸುಮ್ನೆ ಹೊಗಳಿಕೆ ಸುರಿದರೆ ಇನ್ನೂ ಕಷ್ಟ. ಮಕ್ಕಳೇನು ದಡ್ಡರಲ್ಲ. ಪಕ್ಕದವನು ಒಂದು ಪುಟ ಬರೆದಾಗ ಸಿಗದ 'ವೆರಿ ಗುಡ್' ತನ್ನ ಒಂದು ಸಾಲಿಗೆ ಯಾಕೆ ಸಿಕ್ಕಿತು ಅಂತ ಅವರಿಗೆ ತಕ್ಷಣ ಗೊತ್ತಾಗುತ್ತದೆ. ನನ್ನ ಮೇಲೆ ಇವರಿಗೆ ನಿರೀಕ್ಷೆಯೇ ಇಲ್ಲ ಅನ್ನುವುದನ್ನು ಆ 'ವೆರಿ ಗುಡ್' ಹೇಳಿಬಿಟ್ಟಿರುತ್ತದೆ.

ಹಾಗಾದರೆ ಏನು ಬೇಕು? ನಾನು ಕಂಡ ಮಟ್ಟಿಗೆ, ಮಗುವಿಗೆ ತಾನು ಬೇಕು ಅನ್ನಿಸಬೇಕು. ಬಾಯಿಮಾತಿಗೆ ಬೇಕಾದರೆ ಸಾಲದು. ತಾನು ಮಾಡದಿದ್ದರೆ ಈ ಬೆಂಚಿನ ಕೆಲಸ ನಿಲ್ಲುತ್ತದೆ ಅನ್ನುವಷ್ಟು ಬೇಕಾಗಬೇಕು. ಇದನ್ನು ಪಾಠದಲ್ಲೇ ಹೆಣೆಯಬಹುದು. ಹೆಣೆದು ತೋರಿಸಿದವರಿದ್ದಾರೆ.

1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಬಿಳಿಯ, ಕಪ್ಪು ಮತ್ತು ಮೆಕ್ಸಿಕೋ ಮೂಲದ ಮಕ್ಕಳನ್ನು ಆಗಷ್ಟೇ ಒಂದೇ ತರಗತಿಗೆ ತಂದಿದ್ದರು. ದಿನಾ ಜಗಳ, ಹೊಡೆದಾಟ. ಮನೋವಿಜ್ಞಾನಿ ಎಲಿಯಟ್ ಆರನ್ಸನ್ ಅವರನ್ನು ಕರೆಸಿದರು. ಅವರು ಮಕ್ಕಳಿಗೆ ಒಗ್ಗಟ್ಟಿನ ಭಾಷಣ ಮಾಡಲಿಲ್ಲ. ತರಗತಿ ಹೇಗೆ ನಡೆಯುತ್ತದೆ ಅಂತ ನೋಡಿದರು. ಟೀಚರ್ ಪ್ರಶ್ನೆ ಕೇಳುತ್ತಾರೆ, ಕೆಲವರು ಕೈ ಎತ್ತುತ್ತಾರೆ, ಒಬ್ಬನಿಗೆ ಅವಕಾಶ ಸಿಕ್ಕಿದರೆ ಉಳಿದವರ ಮುಖ ಸಪ್ಪೆ. ಅವನು ತಪ್ಪು ಹೇಳಿದರೆ ಉಳಿದವರಿಗೆ ಖುಷಿ. ಒಬ್ಬರ ಸೋಲು ಇನ್ನೊಬ್ಬರ ಅವಕಾಶ ಆಗುವ ಜಾಗದಲ್ಲಿ ಸ್ನೇಹ ಎಲ್ಲಿಂದ ಬರಬೇಕು?

ಅವರು ಪಾಠವನ್ನೇ ತುಂಡು ಮಾಡಿದರು. ಆರು ಮಕ್ಕಳ ಗುಂಪು. ಒಬ್ಬ ಪತ್ರಿಕಾ ಸಂಪಾದಕರ ಜೀವನಕಥೆ ಪಾಠ ಅಂದುಕೊಳ್ಳಿ, ಅದನ್ನು ಆರು ಭಾಗ ಮಾಡಿ ಒಬ್ಬೊಬ್ಬರಿಗೆ ಒಂದೊಂದು ಭಾಗ. ನಿನ್ನ ಭಾಗ ನಿನ್ನ ಹತ್ತಿರ ಮಾತ್ರ ಇದೆ. ಪರೀಕ್ಷೆ ಮಾತ್ರ ಇಡೀ ಪಾಠದ ಮೇಲೆ. ಮೊದಲು ಒಂದೇ ಭಾಗ ಸಿಕ್ಕವರೆಲ್ಲ ಬೇರೆ ಬೇರೆ ಗುಂಪಿನಿಂದ ಬಂದು ಒಟ್ಟಿಗೆ ಕೂತು ಓದಿ, ಚರ್ಚಿಸಿ, ಹೇಗೆ ವಿವರಿಸಬೇಕು ಅಂತ ಅಭ್ಯಾಸ ಮಾಡುತ್ತಾರೆ. ಆಮೇಲೆ ತಮ್ಮ ಗುಂಪಿಗೆ ಹೋಗಿ ಕಲಿಸುತ್ತಾರೆ. ತುಂಡುಗಳನ್ನು ಜೋಡಿಸಿ ಚಿತ್ರ ಮಾಡುವ ಆಟದ ಹೆಸರೇ ಇದಕ್ಕೂ ಬಿತ್ತು: ಜಿಗ್‌ಸಾ ತರಗತಿ.

ಆರನ್ಸನ್ ಹೇಳಿರುವ ಒಂದು ಪ್ರಸಂಗ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಇಂಗ್ಲಿಷ್ ಮನೆಮಾತಲ್ಲದ ಒಬ್ಬ ಹುಡುಗ ತನ್ನ ಭಾಗ ಹೇಳುವಾಗ ತಡವರಿಸಿದ. ಗುಂಪಿನವರು ಗೇಲಿ ಮಾಡಿದರು. ಅಲ್ಲಿದ್ದ ಸಹಾಯಕಿ ಬೈಯಲಿಲ್ಲ, ನೀತಿ ಹೇಳಲಿಲ್ಲ. ಗೇಲಿ ನಿಮಗೆ ಮಜಾ ಇರಬಹುದು, ಆದರೆ ಇವನ ಭಾಗ ನಿಮಗೆ ಗೊತ್ತಾಗುವುದಿಲ್ಲ, ಪರೀಕ್ಷೆ ಹತ್ತಿರ ಇದೆ ಅಂತ ನೆನಪಿಸಿ ಸುಮ್ಮನಾದರು. ಮಕ್ಕಳು ಲೆಕ್ಕ ಹಾಕಿಕೊಂಡರು. ಮುಂದಿನ ದಿನಗಳಲ್ಲಿ ಅವನಿಗೆ ಪ್ರಶ್ನೆ ಕೇಳಿ ಕೇಳಿ ವಿಷಯ ಹೊರಗೆ ತೆಗೆಯುವುದನ್ನು ಕಲಿತರು. ಅವನೂ ಸಡಿಲವಾದ, ಮಾತು ಸಲೀಸಾಯಿತು. ಅವನು ತಾವು ಅಂದುಕೊಂಡಷ್ಟು ದಡ್ಡನಲ್ಲ ಅಂತ ಅವರಿಗೂ ಗೊತ್ತಾಯಿತು. ನೋಡಿ, ಇಲ್ಲಿ ಯಾರೂ ಅವನಿಗೆ ಆತ್ಮವಿಶ್ವಾಸ ತುಂಬಲು ಹೊರಟಿರಲಿಲ್ಲ. ಅವನ ಹತ್ತಿರ ಇದ್ದದ್ದು ಉಳಿದವರಿಗೆ ಬೇಕಿತ್ತು, ಅಷ್ಟೇ. ಹೀಗೆ ಕಲಿತ ಮಕ್ಕಳಲ್ಲಿ ಒಬ್ಬರ ಮೇಲೊಬ್ಬರಿಗೆ ಪ್ರೀತಿಯೂ ತಮ್ಮ ಬಗ್ಗೆ ಗೌರವವೂ ಹೆಚ್ಚಿದ್ದನ್ನು ಅವರ ತಂಡ ದಾಖಲಿಸಿದೆ.

ಇದೇನು ಮಂತ್ರದಂಡ ಅಲ್ಲ. ಓದಲು ಕಷ್ಟಪಡುವ ಮಗುವಿಗೆ ಉದ್ದನೆಯ ಪ್ಯಾರಾ ಕೊಟ್ಟು 'ಕಲಿಸು' ಅಂದರೆ ಅವಮಾನಕ್ಕೆ ನಾವೇ ವೇದಿಕೆ ಹಾಕಿಕೊಟ್ಟ ಹಾಗೆ. ಅವಳ ಭಾಗ ಚಿತ್ರದಲ್ಲಿ ಇರಬಹುದು, ರೆಕಾರ್ಡ್ ಮಾಡಿದ ಧ್ವನಿಯಲ್ಲಿ ಇರಬಹುದು, ಕೈಯಲ್ಲಿ ಮುಟ್ಟಿ ನೋಡುವ ಮಾದರಿಯಲ್ಲಿ ಇರಬಹುದು. ಮಾತಾಡದ ಮಗು ಕಾರ್ಡ್ ತೋರಿಸಿ ವಿವರಿಸಬಹುದು. ದಾರಿ ಬದಲಾಗಲಿ. ಅವಳ ಭಾಗದಲ್ಲಿ ಇರುವ ವಿಷಯ ಮಾತ್ರ ಉಳಿದವರ ಭಾಗದಷ್ಟೇ ತೂಕದ್ದಾಗಿರಬೇಕು. ಇಲ್ಲದಿದ್ದರೆ ಮತ್ತೆ 'ಟೈಮ್ ನೋಡ್ತಾ ಇರು' ಕೆಲಸವೇ ಆಯಿತು.

ಗುಂಪು ಮಾಡಿದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ ಅನ್ನುವುದು ತರಗತಿಯಲ್ಲಿ ನಿಂತವರಿಗೆಲ್ಲ ಗೊತ್ತು. ಯಾರ ಮಾತಿಗೆ ತೂಕ ಅನ್ನುವುದನ್ನು ಮಕ್ಕಳು ಮೊದಲೇ ತೀರ್ಮಾನ ಮಾಡಿಕೊಂಡಿರುತ್ತಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಲಿಜಬೆತ್ ಕೋಹೆನ್ ಇದರ ಮೇಲೆ ಬಹಳ ಕೆಲಸ ಮಾಡಿದವರು. ಗುಂಪಿನಲ್ಲಿ ಕೆಳಗಿನ ಸ್ಥಾನದಲ್ಲಿರುವ ಮಗು ನಿಜವಾಗಿ ಒಳ್ಳೆಯದೊಂದು ಮಾಡಿದ ಗಳಿಗೆಯನ್ನು ಟೀಚರ್ ಕಾದು ಹಿಡಿಯಬೇಕು, ಅದನ್ನು ಎಲ್ಲರ ಎದುರು, ನಿಖರವಾಗಿ ಹೇಳಬೇಕು, ಅದರಿಂದ ಗುಂಪಿಗೆ ಏನು ಉಪಯೋಗ ಅಂತಲೂ ಹೇಳಬೇಕು ಅನ್ನುವುದು ಅವರು ತೋರಿಸಿದ ದಾರಿ.

ನನ್ನ ತರಗತಿಯಲ್ಲಿ ಕಾಗದದ ಸೇತುವೆ ಕಟ್ಟುವ ಪಾಠ ನಡೆದಿತ್ತು. ಎರಡು ಪುಸ್ತಕಗಳ ನಡುವೆ ಒಂದು ಹಾಳೆ, ಅದರ ಮೇಲೆ ರಬ್ಬರ್, ಪೆನ್ಸಿಲ್, ಜಾಮಿಟ್ರಿ ಬಾಕ್ಸ್ ಏರಿಸುತ್ತಾ ಹೋಗಬೇಕು. ಓದಿನಲ್ಲಿ ಅಕ್ಷರ ತಿರುವುಮುರುವಾಗುವ ಒಬ್ಬ ಹುಡುಗಿ ಹಾಳೆ ಎಲ್ಲಿ ಜಗ್ಗುತ್ತಿದೆ ಅಂತ ಬಗ್ಗಿ ನೋಡುತ್ತಿದ್ದಳು. ಉಳಿದವರು ಹಾಳೆಯನ್ನು ಮಡಚಿ ದಪ್ಪ ಮಾಡುವ ವಾದದಲ್ಲಿದ್ದರು. ಅವಳು ಇನ್ನೊಂದು ಹಾಳೆ ತೆಗೆದುಕೊಂಡು ಬೀಸಣಿಗೆಯ ಥರ ಮಡಿಕೆ ಮಡಿಕೆಯಾಗಿ ಮಡಚಿ ಇಟ್ಟಳು. ಯಾರೂ ಗಮನಿಸಲಿಲ್ಲ. ನಾನು ಅಲ್ಲೇ ನಿಂತು, 'ಇವಳು ಮೊದಲು ಜಗ್ಗುವ ಜಾಗ ನೋಡಿದಳು, ಆಮೇಲೆ ಕೈ ಹಾಕಿದಳು. ಎಂಜಿನಿಯರುಗಳು ಮಾಡುವುದೂ ಇದನ್ನೇ. ಮುಂದಿನ ಸೇತುವೆಗೆ ಇವಳನ್ನು ಕೇಳಿ' ಅಂದೆ. ಜಾಮಿಟ್ರಿ ಬಾಕ್ಸ್ ನಿಂತಿತು. ಅವಳ ಹೆಸರು ಹಿಡಿದು ಕರೆಯುವುದು ಆ ಗುಂಪಿನಲ್ಲಿ ಆಮೇಲೆ ಶುರುವಾಯಿತು. ಅದಕ್ಕೂ ಮುಂಚೆ 'ಏಯ್, ಸ್ವಲ್ಪ ಸರಿ' ಅನ್ನುತ್ತಿದ್ದರು.

ಹೆಸರಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಹಾಜರಿ ಕರೆಯುವಾಗ ಮಗುವಿನ ಹೆಸರನ್ನು ಸರಿಯಾಗಿ ಉಚ್ಚರಿಸುವುದಕ್ಕೆ ಖರ್ಚಿಲ್ಲ. ಬಾಯಿಗೆ ಹೊರಳದ ಹೆಸರು ಅಂತ ಅರ್ಧ ಮಾಡಿ ಕರೆಯುವುದು, ಉಳಿದವರು ನಗುವುದು, ಮಗುವೂ ಬಲವಂತದ ನಗು ನಗುವುದು, ಇದು ದಿನಾ ಬೆಳಿಗ್ಗೆ ಪಾಠಕ್ಕೂ ಮುಂಚೆ ಆಗಿಬಿಡುತ್ತದೆ. ವೈವಿಧ್ಯವನ್ನು ಸಂಭ್ರಮಿಸುವುದನ್ನು ಇಲ್ಲಿಂದಲೇ ಶುರುಮಾಡಬಹುದು.

ಇನ್ನೊಂದು ಖರ್ಚಿಲ್ಲದ ಸಂಗತಿ ಕಾಯುವುದು. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ ತರಗತಿಗಳ ಧ್ವನಿಮುದ್ರಣ ಮಾಡಿ ಅಳೆದರು. ಪ್ರಶ್ನೆ ಕೇಳಿದ ಮೇಲೆ ಟೀಚರ್ ಕಾಯುತ್ತಿದ್ದುದು ಸರಾಸರಿ 1 ಸೆಕೆಂಡ್. ದಡ್ಡರು ಅಂತ ಟೀಚರ್ ಅಂದುಕೊಂಡ ಮಕ್ಕಳಿಗೆ ಸಿಗುತ್ತಿದ್ದ ಸಮಯ ಇನ್ನೂ ಕಡಿಮೆ. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನೆ ಕೂರುತ್ತಿದ್ದವರೂ ಬಾಯಿ ಬಿಟ್ಟರು. ಇನ್ನೊಂದು ಭಾಷೆಯಲ್ಲಿ ಯೋಚಿಸಿ ಈ ಭಾಷೆಯಲ್ಲಿ ಹೇಳಬೇಕಾದ ಮಗುವಿಗೆ, ಉಗ್ಗುವ ಮಗುವಿಗೆ, ನಾಚಿಕೆಯ ಮಗುವಿಗೆ ಆ 3 ಸೆಕೆಂಡ್ ಅಂದರೆ ತರಗತಿಯೊಳಗೆ ಬರುವ ಬಾಗಿಲು. ಆದರೆ ಪಾಠ ಮುಗಿಸುವ ಒತ್ತಡ ತಲೆ ಮೇಲೆ ಇರುವಾಗ 3 ಸೆಕೆಂಡ್ ಮೌನ ಬಹಳ ಉದ್ದ ಅನ್ನಿಸುತ್ತದೆ. ಆ ಒತ್ತಡ ನಮ್ಮದಲ್ಲ, ನಿಮ್ಮಿಂದ ಬಂದದ್ದು. ಅದಕ್ಕೇ ಈ ಪತ್ರ ನಿಮಗೆ.

ಸಂಭ್ರಮದ ಹೆಸರಿನಲ್ಲಿ ಆಗುವ ಒಂದು ಹಿಂಸೆಯ ಬಗ್ಗೆಯೂ ಹೇಳಬೇಕು. 'ಇವನಿಗೆ ಕಿವಿ ಕೇಳುವುದಿಲ್ಲ, ಆದರೂ ಎಷ್ಟು ಚೆನ್ನಾಗಿ ಚಿತ್ರ ಬಿಡಿಸುತ್ತಾನೆ ನೋಡಿ!' 'ನಿಮ್ಮ ಕಡೆ ಹೇಗೆ, ಎದ್ದು ನಿಂತು ಎಲ್ಲರಿಗೂ ಹೇಳು.' ಹತ್ತು ಹನ್ನೆರಡು ವಯಸ್ಸಿನ ಮಗುವಿಗೆ ಎಲ್ಲರ ನಡುವೆ ಒಬ್ಬನಾಗಿ ಕರಗಿಹೋಗುವ ಆಸೆ ಇರುತ್ತದೆ. ಅದನ್ನು ಎಬ್ಬಿಸಿ ನಿಲ್ಲಿಸಿ ಪ್ರದರ್ಶನಕ್ಕಿಟ್ಟರೆ ಅದು ನಮ್ಮ ಸಂತೋಷಕ್ಕೆ ಹೊರತು ಅದರದಕ್ಕಲ್ಲ. ಮೊದಲು ಆ ಮಗುವನ್ನು ಕೇಳಿ. ಬೇಡ ಅಂದರೆ ಬೇಡ. ತನ್ನಂಥವರು ಪಠ್ಯದ ಚಿತ್ರಗಳಲ್ಲಿ, ಲೆಕ್ಕದ ಪ್ರಶ್ನೆಗಳಲ್ಲಿ, ಗೋಡೆಯ ಮೇಲಿನ ವಿಜ್ಞಾನಿಗಳ ಸಾಲಿನಲ್ಲಿ ಸಹಜವಾಗಿ ಕಂಡರೆ ಸಾಕು. ಬ್ರೈಲ್ ಲಿಪಿಯ ಬಗ್ಗೆ ಪಾಠ ಮಾಡುವಾಗ, ಲೂಯಿ ಬ್ರೈಲ್ ಅದನ್ನು 1824ರಲ್ಲಿ, ತನ್ನ 15ನೇ ವಯಸ್ಸಿನಲ್ಲಿ, ಕುರುಡು ವಿದ್ಯಾರ್ಥಿಯಾಗಿದ್ದಾಗಲೇ ರೂಪಿಸಿದ ಅಂತ ಹೇಳಿ. 'ಪಾಪ' ಅನ್ನುವ ಶಬ್ದ ಆ ಪಾಠದಲ್ಲಿ ಎಲ್ಲೂ ಬೇಕಾಗುವುದಿಲ್ಲ.

ಈಗ ನಿಮ್ಮಲ್ಲಿ ನನ್ನ ಬೇಡಿಕೆಗಳು. ಕೆಲವು ಸಣ್ಣವು, ಒಂದೆರಡು ದುಬಾರಿ.

ಅಂಕದ ಪ್ರಕಾರ ಬೆಂಚು ಹಂಚುವುದು, ರ‍್ಯಾಂಕ್ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕುವುದು ನಿಲ್ಲಿಸಿ. ವರ್ಷಕ್ಕೊಂದು ದಿನ ಎಲ್ಲರೂ ಸಮಾನ ಅಂತ ಹಾಡಿಸಿ ಉಳಿದ ದಿನ ಕೆಳಗಿನ ಹತ್ತು ಹೆಸರನ್ನು ಗೋಡೆಗೆ ಅಂಟಿಸಿದರೆ ಮಕ್ಕಳು ನಂಬುವುದು ಗೋಡೆಯನ್ನೇ. ಕಿರುಪರೀಕ್ಷೆಗಳಲ್ಲಾದರೂ ಅಂಕ ಬಿಟ್ಟು ಬರಹದಲ್ಲಿ ಅಭಿಪ್ರಾಯ ಕೊಡಲು ನಮಗೆ ಬಿಡಿ. ಇಸ್ರೇಲಿನಲ್ಲಿ ಸಂಶೋಧಕಿ ರೂತ್ ಬಟ್ಲರ್ ನಡೆಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರೀ ಅಭಿಪ್ರಾಯ ಸಿಕ್ಕ ಮಕ್ಕಳ ಆಸಕ್ತಿಯೂ ಕೆಲಸವೂ ಸುಧಾರಿಸಿತು. ಅಂಕ ಮತ್ತು ಅಭಿಪ್ರಾಯ ಎರಡೂ ಸಿಕ್ಕವರಲ್ಲಿ ಆ ಲಾಭ ಕಾಣಲಿಲ್ಲ. ಅಂಕ ಕಂಡ ಮೇಲೆ ಕೆಳಗೆ ಬರೆದದ್ದನ್ನು ಯಾರು ಓದುತ್ತಾರೆ? ನಾವೂ ಓದುತ್ತಿರಲಿಲ್ಲ, ಅಲ್ವಾ? ಆ ಅಭಿಪ್ರಾಯ ಸಿಹಿಯಾಗಿಯೇ ಇರಬೇಕೆಂದಿಲ್ಲ. ನೇರವಾಗಿ ತಪ್ಪು ತೋರಿಸಿ, 'ನಿನ್ನಿಂದ ಆಗುತ್ತದೆ ಅಂತ ಗೊತ್ತಿರುವುದರಿಂದಲೇ ಇಷ್ಟು ತಿದ್ದಿದ್ದೇನೆ' ಅಂತ ಒಂದು ಸಾಲು ಸೇರಿಸಿದರೆ, ಟೀಚರ್ ಮೇಲೆ ನಂಬಿಕೆ ಕಳೆದುಕೊಂಡಿದ್ದ ಮಕ್ಕಳೂ ಕೂತು ಮತ್ತೆ ಬರೆಯುತ್ತಾರೆ.

ಸಹಾಯಕ ಶಿಕ್ಷಕರನ್ನು ಕೊಡಿ. ಆದರೆ ಅವರು ಒಂದು ಮಗುವಿಗೆ ಅಂಟಿಕೊಂಡು, ಆ ಮಗುವಿನ ಪೆನ್ಸಿಲ್ ಚೂಪು ಮಾಡಿ, ಉತ್ತರವನ್ನೂ ತಾವೇ ಹೇಳುವ ಹಾಗೆ ಆಗಬಾರದು. ಪಕ್ಕದಲ್ಲಿ ಸದಾ ಒಬ್ಬ ದೊಡ್ಡವರು ಕೂತಿದ್ದರೆ ಬೇರೆ ಮಕ್ಕಳು ಹತ್ತಿರ ಬರುವುದಿಲ್ಲ. ಅವರು ಇಡೀ ತರಗತಿಯ ಟೀಚರ್ ಆಗಲಿ.

ಎಲ್ಲಕ್ಕಿಂತ ಹೆಚ್ಚಾಗಿ ನಮಗೆ ಒಟ್ಟಿಗೆ ಕೂತು ಪಾಠ ಯೋಜಿಸುವುದಕ್ಕೆ ಸಮಯ ಬೇಕು. ಒಂದು ಪಾಠವನ್ನು ಆರು ತುಂಡು ಮಾಡಿ, ಒಂದನ್ನು ಚಿತ್ರಕ್ಕೆ, ಒಂದನ್ನು ಧ್ವನಿಗೆ ಬದಲಾಯಿಸುವುದು ನಡೆದುಕೊಂಡು ಹೋಗುತ್ತಾ ಆಗುವ ಕೆಲಸ ಅಲ್ಲ. ವಾರಕ್ಕೊಂದು ಪೀರಿಯಡ್ ಇದಕ್ಕೇ ಮೀಸಲಿಡಿ. ಆ ಪೀರಿಯಡ್‌ನಲ್ಲಿ ರಿಜಿಸ್ಟರ್ ತುಂಬಿಸುವ ಕೆಲಸ ಕೊಡಬೇಡಿ. ತರಗತಿಯಲ್ಲಿ ಮಕ್ಕಳ ಸಂಖ್ಯೆ ಕಡಿಮೆ ಮಾಡುವುದು ನಿಮ್ಮ ಕೈಯಲ್ಲಿದ್ದರೆ ಅದನ್ನೂ ಮಾಡಿ. ಇದು ದುಬಾರಿ ಅಂತ ನನಗೂ ಗೊತ್ತು.

ಪೋಷಕರು ಬಂದು, 'ಇಂಥ ಮಕ್ಕಳ ಜೊತೆ ಕೂರಿಸಿದರೆ ನಮ್ಮ ಮಗುವಿನ ಓದು ಹಿಂದೆ ಬೀಳುತ್ತದೆ' ಅಂತ ದೂರು ಕೊಟ್ಟಾಗ ನೀವು ನಮ್ಮ ಬೆನ್ನಿಗೆ ನಿಲ್ಲಬೇಕು. ಬೇರೆ ಬೇರೆ ಗುಂಪಿನವರು ಬೆರೆತಾಗ ಪೂರ್ವಗ್ರಹ ಕರಗಬೇಕಾದರೆ ಏನೇನು ಬೇಕು ಅಂತ ಮನೋವಿಜ್ಞಾನಿ ಗಾರ್ಡನ್ ಆಲ್ಪೋರ್ಟ್ 1954ರಲ್ಲೇ ಹೇಳಿದ್ದರು: ಸಮಾನ ಸ್ಥಾನ, ಒಂದೇ ಗುರಿ, ಸ್ಪರ್ಧೆ ಬಿಟ್ಟು ಸಹಕಾರ, ಮೇಲಿನವರ ಬೆಂಬಲ. ಮೊದಲ ಮೂರನ್ನು ಬಾಗಿಲು ಹಾಕಿಕೊಂಡು ನಾವು ತರಗತಿಯೊಳಗೆ ಹೇಗೋ ಮಾಡಿಕೊಳ್ಳುತ್ತೇವೆ. ನಾಲ್ಕನೆಯದು ನಿಮ್ಮ ಕೋಣೆಯಲ್ಲಿದೆ. ಆ ಪೋಷಕರಿಗೆ, ಪಾಠವನ್ನು ಇನ್ನೊಬ್ಬರಿಗೆ ಅರ್ಥವಾಗುವ ಹಾಗೆ ವಿವರಿಸುವಾಗ ನಿಮ್ಮ ಮಗುವೇ ಹೆಚ್ಚು ಕಲಿಯುತ್ತದೆ ಅಂತ ಹೇಳಿ. ಒಂದು ದಿನ ತರಗತಿಗೆ ಕರೆದುಕೊಂಡು ಬನ್ನಿ, ಹಿಂದೆ ಕೂತು ನೋಡಲಿ.

ಮುಂದಿನ ವರ್ಷದ ವೇಳಾಪಟ್ಟಿ ಸಿದ್ಧವಾಗುವ ಮುಂಚೆ ಇದರ ಬಗ್ಗೆ ಒಂದು ಸಭೆ ಕರೆಯಿರಿ. ಭಾಷಣಕಾರರು ಬೇಡ, ನಾವು ಟೀಚರ್‌ಗಳು ಮಾತಾಡುತ್ತೇವೆ, ನೀವು ಕೇಳಿಸಿಕೊಳ್ಳಿ. ಮಕ್ಕಳಲ್ಲೂ ನಾಲ್ಕೈದು ಜನರನ್ನು ಕರೆಸಿ. ಕೈ ಎತ್ತುವವರನ್ನೇ ಆರಿಸಬೇಡಿ.

ಇಂತಿ ನಿಮ್ಮ,
ಒಬ್ಬ ಶಿಕ್ಷಕಿ